ಸಮಾಜ ಸೇವೆಗೂ ಡಿಗ್ರಿ ಬೇಕಾ? ಎಂಎಸ್‌ಡಬ್ಲ್ಯುನಲ್ಲಿ ‘ಸಮುದಾಯ ಸಂಘಟನೆ, ಆಡಳಿತ’ ಓದುವುದು ಎಂದರೇನು?

ಡಿಗ್ರಿ ಕೊನೆಯ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಗೆಳೆಯರೆಲ್ಲ ಬ್ಯಾಂಕ್ ಕೋಚಿಂಗ್, ಎಂಬಿಎ, ಬಿಎಡ್ ಎಂದು ಒಂದೊಂದು ದಾರಿ ಹಿಡಿದಿರುತ್ತಾರೆ. ಆಗ ಮನೆಯಲ್ಲಿ ‘ನಾನು ಎಂಎಸ್‌ಡಬ್ಲ್ಯು ಮಾಡ್ತೀನಿ’ ಎಂದು ಹೇಳಿ ನೋಡಿ. ‘ಸೇವೆ ಮಾಡೋಕೆ ಡಿಗ್ರಿ ಯಾಕೆ?’ ಎಂಬುದು ಮೊದಲ ಪ್ರಶ್ನೆ. ‘ಕೆಲಸ ಸಿಗುತ್ತಾ?’ ಎಂಬುದು ಎರಡನೆಯದು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು.

ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯಲ್ಲಿರುವ ಕನ್ನಡಿಗರಿಗೆ ಈ ವಿಷಯ ಇನ್ನೂ ಹತ್ತಿರ. ದೇಶದ ಹಳೆಯ ಸಮಾಜಕಾರ್ಯ ಶಾಲೆಗಳು ಇರುವುದೇ ಈ ಊರುಗಳಲ್ಲಿ. ಲೋಕಲ್ ಟ್ರೈನ್ ಅಥವಾ ಮೆಟ್ರೋದಲ್ಲಿ ಹೋಗಿ ಬರುವಷ್ಟು ದೂರದಲ್ಲೇ ಇದ್ದರೂ ನಮ್ಮಲ್ಲಿ ಅನೇಕರಿಗೆ ಅವುಗಳ ಹೆಸರಷ್ಟೇ ಗೊತ್ತು.

ಶುರುವಾಗಿದ್ದು ನಾಗಪಾಡದಲ್ಲಿ

ಅಮೆರಿಕದಿಂದ ಬಂದ ಮಿಷನರಿ ಕ್ಲಿಫರ್ಡ್ ಮ್ಯಾನ್‌ಶಾರ್ಟ್ 1927ರಲ್ಲಿ ಮುಂಬೈನ ನಾಗಪಾಡದಲ್ಲಿ ‘ನೇಬರ್‌ಹುಡ್ ಹೌಸ್’ ತೆರೆದರು. ಕಾರ್ಮಿಕರು ಕಿಕ್ಕಿರಿದು ಬದುಕುತ್ತಿದ್ದ ಬಡಾವಣೆ ಅದು. ಇಂಥ ಕೆಲಸಕ್ಕೆ ಒಳ್ಳೆಯ ಮನಸ್ಸು ಮಾತ್ರ ಸಾಲದು, ತರಬೇತಿಯೂ ಬೇಕು ಎಂಬುದು ಅವರ ಅನುಭವ. ಟಾಟಾ ಟ್ರಸ್ಟ್ ನೆರವಿನಿಂದ 1936ರಲ್ಲಿ ಅದೇ ನಾಗಪಾಡದಲ್ಲಿ ಸರ್ ದೊರಾಬ್ಜಿ ಟಾಟಾ ಗ್ರಾಜುಯೇಟ್ ಸ್ಕೂಲ್ ಆಫ್ ಸೋಷಿಯಲ್ ವರ್ಕ್ ಶುರುವಾಯಿತು. 1944ರಲ್ಲಿ ಅದು ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸೈನ್ಸಸ್, ಅಂದರೆ ಇಂದಿನ ಟಿಸ್ ಆಯಿತು. 1964ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಮಾನ್ಯತೆ ಸಿಕ್ಕಿತು.

ಭಾರತದಲ್ಲಿ ಸಮಾಜಕಾರ್ಯ ಪಠ್ಯ ಎಂದರೆ ಸಾಮಾನ್ಯವಾಗಿ ಆರು ವಿಧಾನಗಳ ಲೆಕ್ಕ. ಒಬ್ಬ ವ್ಯಕ್ತಿ ಅಥವಾ ಕುಟುಂಬದ ಜೊತೆಗಿನ ಕೆಲಸ, ಗುಂಪಿನ ಜೊತೆಗಿನ ಕೆಲಸ, ಸಮುದಾಯ ಸಂಘಟನೆ, ಸಮಾಜ ಕಲ್ಯಾಣ ಆಡಳಿತ, ಸಂಶೋಧನೆ ಮತ್ತು ಸಾಮಾಜಿಕ ಕ್ರಿಯೆ. ಆಸ್ಪತ್ರೆಯಲ್ಲಿ ರೋಗಿಯ ಮನೆಯವರೊಂದಿಗೆ ಮಾತಾಡುವ ಮೆಡಿಕಲ್ ಸೋಷಿಯಲ್ ವರ್ಕರ್ ಅನ್ನು ನೀವು ನೋಡಿರುತ್ತೀರಿ. ಅವರ ಕೆಲಸ ಮುಖ್ಯವಾಗಿ ಮೊದಲನೆಯದು. ನಾವು ಇಲ್ಲಿ ಮಾತಾಡುತ್ತಿರುವುದು ಮೂರು ಮತ್ತು ನಾಲ್ಕನೆಯದರ ಬಗ್ಗೆ. ಇಡೀ ಬಡಾವಣೆ ತನ್ನ ಸಮಸ್ಯೆಯನ್ನು ತಾನೇ ಕೈಗೆತ್ತಿಕೊಳ್ಳುವಂತೆ ಮಾಡುವುದು ಹೇಗೆ, ಆ ಕೆಲಸಕ್ಕೆ ಬೇಕಾದ ಸಂಸ್ಥೆಯನ್ನು ನಡೆಸುವುದು ಹೇಗೆ ಎಂಬುದೇ ಈ ಎರಡರ ತಿರುಳು.

ಹೇಳಿದಷ್ಟು ಸುಲಭವೇ? ಒಂದು ನಿಜವಾದ ಪ್ರಕರಣ ನೋಡೋಣ.

ಒಂದು ನಳದ ಕಥೆ

ಟಿಸ್ ಕ್ಯಾಂಪಸ್ ಇರುವುದು ಮುಂಬೈನ ದೇವನಾರ್‌ನಲ್ಲಿ, ಪಾಲಿಕೆಯ ಎಂ-ಈಸ್ಟ್ ವಾರ್ಡ್‌ನಲ್ಲಿ. ನಗರದ ಹಳೆಯ ಕಸದ ರಾಶಿ ದೇವನಾರ್ ಡಂಪಿಂಗ್ ಗ್ರೌಂಡ್, ಗೋವಂಡಿ, ಮಾನ್‌ಖುರ್ದ್‌ನ ಕೊಳೆಗೇರಿಗಳು ಎಲ್ಲವೂ ಇದೇ ವಾರ್ಡ್‌ನಲ್ಲಿವೆ. 2009ರ ಮುಂಬೈ ಮಾನವ ಅಭಿವೃದ್ಧಿ ವರದಿಯಲ್ಲಿ ವಾರ್ಡ್‌ಗಳ ಪೈಕಿ ಕೊನೆಯ ಸ್ಥಾನ ಸಿಕ್ಕಿದ್ದು ಇದಕ್ಕೇ. ಸಮಾಜಕಾರ್ಯ ಕಲಿಸುವ ದೇಶದ ದೊಡ್ಡ ಸಂಸ್ಥೆಯ ಗೇಟಿನ ಹೊರಗೇ ಈ ಸ್ಥಿತಿ ಎಂಬುದು ವಿದ್ಯಾರ್ಥಿಗಳನ್ನು ಮೊದಲ ದಿನದಿಂದಲೇ ಚುಚ್ಚುವ ಸಂಗತಿ.

ಮುಂಬೈನಲ್ಲಿ ಸರ್ಕಾರ ನಿಗದಿ ಮಾಡಿದ ‘ಕಟ್ ಆಫ್’ ದಿನಾಂಕದ ನಂತರ ಎದ್ದ ಗುಡಿಸಲುಗಳಿಗೆ ಅಧಿಕೃತ ನೀರಿನ ಸಂಪರ್ಕ ಇರಲಿಲ್ಲ. ಹಾಗಾದರೆ ಅಲ್ಲಿನ ಜನ ನೀರಿಲ್ಲದೇ ಬದುಕುತ್ತಿದ್ದರೇ? ಇಲ್ಲ. ಡ್ರಮ್ಮಿನಲ್ಲಿ, ಕ್ಯಾನಿನಲ್ಲಿ, ಖಾಸಗಿ ಟ್ಯಾಂಕರಿನಲ್ಲಿ ಕೊಳ್ಳುತ್ತಿದ್ದರು. ಫ್ಲಾಟಿನಲ್ಲಿರುವವರು ಕೊಡುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ದುಡ್ಡು ಕೊಡುತ್ತಿದ್ದರು. ಸಮಸ್ಯೆ ಎಲ್ಲರಿಗೂ ಗೊತ್ತಿತ್ತು. ಆದರೆ ಪ್ರತಿ ಮನೆಯೂ ಅದನ್ನು ತನ್ನ ಮನೆಯ ಸಮಸ್ಯೆ ಎಂದೇ ಅನುಭವಿಸುತ್ತಿತ್ತು.

ಸಂಘಟಕರ ಕೆಲಸ ಶುರುವಾಗುವುದು ಇಲ್ಲಿ. ಅಮೆರಿಕದ ವಿದ್ವಾಂಸ ಜಾಕ್ ರಾಥ್‌ಮನ್ 1968ರಲ್ಲಿ ಸಮುದಾಯ ಸಂಘಟನೆಯ ಮೂರು ಮಾದರಿಗಳನ್ನು ಗುರುತಿಸಿದರು. ಇಂದಿಗೂ ಎಂಎಸ್‌ಡಬ್ಲ್ಯು ವಿದ್ಯಾರ್ಥಿಗಳು ಪರೀಕ್ಷೆಗೆ ಬಾಯಿಪಾಠ ಮಾಡುವ ಮೂರು ಹೆಸರುಗಳು ಅವು: ಸ್ಥಳೀಯ ಅಭಿವೃದ್ಧಿ, ಸಾಮಾಜಿಕ ಯೋಜನೆ, ಸಾಮಾಜಿಕ ಕ್ರಿಯೆ. ಪುಸ್ತಕದಲ್ಲಿ ಒಣಗಿದಂತೆ ಕಾಣುವ ಇವು ನಳದ ಮುಂದೆ ನಿಂತಾಗ ಅರ್ಥವಾಗುತ್ತವೆ. ಗಲ್ಲಿಯ ಹೆಂಗಸರು ಸೇರಿ ಸಮಿತಿ ಮಾಡಿ, ಸಾಲು ಯಾರು ನೋಡಿಕೊಳ್ಳಬೇಕು, ದುಡ್ಡು ಯಾರು ಸಂಗ್ರಹಿಸಬೇಕು ಎಂದು ತೀರ್ಮಾನಿಸಿದರೆ ಅದು ಮೊದಲನೆಯದು. ಎಷ್ಟು ಮನೆ, ಎಷ್ಟು ಲೀಟರ್, ಹತ್ತಿರದ ಪೈಪ್‌ಲೈನ್ ಎಷ್ಟು ದೂರ ಎಂದು ಸಮೀಕ್ಷೆ ಮಾಡಿ ಪಾಲಿಕೆಯ ಎಂಜಿನಿಯರ್ ಮುಂದೆ ಇಟ್ಟರೆ ಎರಡನೆಯದು. ಪಾಲಿಕೆ ಕೇಳದಿದ್ದಾಗ ಮೋರ್ಚಾ ಮಾಡಿದರೆ, ಕೋರ್ಟಿಗೆ ಹೋದರೆ ಮೂರನೆಯದು.

ಪಾನಿ ಹಕ್ ಸಮಿತಿ ಎಂಬ ಸಂಘಟನೆ ಈ ವಿಷಯವನ್ನು ಬಾಂಬೆ ಹೈಕೋರ್ಟಿಗೆ ಒಯ್ದಿತು. 2014ರ ಡಿಸೆಂಬರ್‌ನಲ್ಲಿ ಬಂದ ತೀರ್ಪು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ನೀರಿನ ಹಕ್ಕೂ ಇದೆ, ಅಕ್ರಮ ಗುಡಿಸಲಿನಲ್ಲಿ ವಾಸ ಎಂಬ ಒಂದೇ ಕಾರಣಕ್ಕೆ ಕುಡಿಯುವ ನೀರನ್ನು ಪೂರ್ತಿ ನಿರಾಕರಿಸುವಂತಿಲ್ಲ ಎಂದಿತು. ಹಾಗೆಂದು ಕಾನೂನುಬದ್ಧ ಮನೆಗಳಿಗೆ ಕೊಟ್ಟಂತೆಯೇ ಕೊಡಬೇಕು ಎಂದು ಹೇಳಲಿಲ್ಲ. ಸಾರ್ವಜನಿಕ ನಳದ ಮೂಲಕ ಕೊಡಬಹುದು, ಹೆಚ್ಚು ದರವನ್ನೂ ವಿಧಿಸಬಹುದು ಎಂಬ ಅವಕಾಶವನ್ನು ಪಾಲಿಕೆಗೆ ಬಿಟ್ಟಿತು. ಮುಂದೆ 2022ರಲ್ಲಿ ಮುಂಬೈ ಪಾಲಿಕೆ ‘ಎಲ್ಲರಿಗೂ ನೀರು’ ನೀತಿ ಪ್ರಕಟಿಸಿತು.

2014ರ ತೀರ್ಪಿಗೂ 2022ರ ನೀತಿಗೂ ನಡುವೆ ಎಂಟು ವರ್ಷ ಇದೆ ಎಂಬುದನ್ನು ಗಮನಿಸಿ. ಎಂಎಸ್‌ಡಬ್ಲ್ಯು ಕೋರ್ಸಿನ ಅವಧಿ ಎರಡು ವರ್ಷ. ಒಂದು ಸಾಮಾನ್ಯ ಎನ್‌ಜಿಒ ಪ್ರಾಜೆಕ್ಟ್ ಮೂರು ವರ್ಷ. ನೀರು ಇದಾವುದರ ಕ್ಯಾಲೆಂಡರಿಗೂ ಹೊಂದಲಿಲ್ಲ. ಈ ಓದಿನ ಅತಿ ದೊಡ್ಡ ಕಷ್ಟವೂ ಇದೇ. ಅದಕ್ಕೆ ಮತ್ತೆ ಬರೋಣ.

ವಾರಕ್ಕೆ ಎರಡು ದಿನ ಬಸ್ತಿಯಲ್ಲಿ

ಎಂಎಯ ಬೇರೆ ವಿಷಯಗಳಿಗೂ ಎಂಎಸ್‌ಡಬ್ಲ್ಯುಗೂ ಇರುವ ದೊಡ್ಡ ವ್ಯತ್ಯಾಸ ಕ್ಷೇತ್ರಕಾರ್ಯ, ಅಂದರೆ ಫೀಲ್ಡ್‌ವರ್ಕ್. ಬಹುತೇಕ ಕಡೆ ವಾರಕ್ಕೆ ಎರಡು ದಿನ ವಿದ್ಯಾರ್ಥಿ ಯಾವುದಾದರೂ ಸಂಸ್ಥೆ ಅಥವಾ ಬಡಾವಣೆಯಲ್ಲಿ ಕೆಲಸ ಮಾಡಬೇಕು. ಗ್ರಾಮೀಣ ಶಿಬಿರ ಇರುತ್ತದೆ. ಕೋರ್ಸಿನ ಕೊನೆಗೆ ಒಂದು ತಿಂಗಳ ಆಸುಪಾಸು ಪೂರ್ತಿ ಕ್ಷೇತ್ರದಲ್ಲೇ ಇರುವ ‘ಬ್ಲಾಕ್ ಪ್ಲೇಸ್‌ಮೆಂಟ್’. ಇದಕ್ಕೆಲ್ಲ ಅಂಕಗಳಿವೆ.

ಇದರಲ್ಲಿ ವಿದ್ಯಾರ್ಥಿಗಳು ಅತಿ ಹೆಚ್ಚು ಬೈಯುವುದು ‘ರೆಕಾರ್ಡಿಂಗ್’ ಅನ್ನು. ಪ್ರತಿ ಭೇಟಿಯ ನಂತರ ಯಾರ ಜೊತೆ ಏನು ಮಾತಾಡಿದೆ, ಅವರು ಏನು ಹೇಳಿದರು, ನನಗೆ ಏನನ್ನಿಸಿತು, ಮುಂದೇನು ಎಂದು ಪುಟಗಟ್ಟಲೆ ಬರೆಯಬೇಕು. ನಂತರ ಮಾರ್ಗದರ್ಶಕರ ಜೊತೆ ಕೂತು ಅದರ ಚರ್ಚೆ. ಪತ್ರಿಕೋದ್ಯಮ ಓದಿದ ನನ್ನಂಥವರಿಗೆ ಇದನ್ನು ಕೇಳಿದರೆ ಹೊಟ್ಟೆಕಿಚ್ಚಾಗುತ್ತದೆ. ನಾವು ಒಂದೇ ದಿನ ಬಸ್ತಿಗೆ ಹೋಗಿ ಬೈಟ್ ತೆಗೆದುಕೊಂಡು ಬರುತ್ತೇವೆ. ಅವರು ಅದೇ ಮನೆಯ ಬಾಗಿಲಿಗೆ ಇಪ್ಪತ್ತನೇ ಸಲ ಹೋಗುತ್ತಾರೆ. ಮೊದಲ ಸಲ ‘ನಮಗೇನೂ ತೊಂದರೆ ಇಲ್ಲ’ ಎಂದ ಅಜ್ಜಿ ಇಪ್ಪತ್ತನೇ ಸಲ ನಿಜ ಹೇಳುತ್ತಾಳೆ.

ಸಂಘಟನೆ ಎಂದರೆ ಭಾಷಣ ಎಂದುಕೊಂಡು ಬಂದವರಿಗೆ ಕ್ಷೇತ್ರ ಮೊದಲು ಕಲಿಸುವುದು ಬಾಯಿ ಮುಚ್ಚಿ ಕೇಳುವುದನ್ನು. ಗಲ್ಲಿಯಲ್ಲಿ ಯಾರ ಮಾತು ನಡೆಯುತ್ತದೆ? ಗಣೇಶ ಮಂಡಳಿ ಯಾರ ಕೈಯಲ್ಲಿದೆ? ನಳದ ಕೀಲಿ ಯಾರ ಬಳಿ? ಸಭೆಗೆ ಯಾವ ಜಾತಿಯವರು ಬರುತ್ತಾರೆ, ಯಾರು ದೂರ ನಿಲ್ಲುತ್ತಾರೆ? ‘ಸಮುದಾಯ’ ಎಂಬ ಪದ ಕಾಗದದ ಮೇಲೆ ಒಂದೇ. ಬಸ್ತಿಯಲ್ಲಿ ಅದು ಬಾಡಿಗೆದಾರ ಮತ್ತು ಮಾಲೀಕ, ಹಳಬ ಮತ್ತು ಹೊಸಬ, ಮರಾಠಿ ಮಾತಾಡುವವನು ಮತ್ತು ಬಾರದವನು ಎಂದು ಹತ್ತು ಹೋಳಾಗಿರುತ್ತದೆ. ಇದನ್ನು ನೋಡದೆ ಮಾಡಿದ ಸಮಿತಿ ಬಡಾವಣೆಯ ದೊಡ್ಡಣ್ಣನ ಸಮಿತಿಯೇ ಆಗಿಬಿಡುತ್ತದೆ.

ಕ್ಷೇತ್ರಕಾರ್ಯದ ಬಲ ಏನೆಂದು ಕೇಳಿದರೆ ಕೆಲವು ಉದಾಹರಣೆಗಳನ್ನು ಹೇಳಬಹುದು. ಮಕ್ಕಳ ಸಹಾಯವಾಣಿ 1098, ಅಂದರೆ ಚೈಲ್ಡ್‌ಲೈನ್ ನಮಗೆಲ್ಲ ಗೊತ್ತು. 1996ರಲ್ಲಿ ಮುಂಬೈನಲ್ಲಿ ಅದು ಶುರುವಾಗಿದ್ದು ಟಿಸ್‌ನ ಫೀಲ್ಡ್ ಆ್ಯಕ್ಷನ್ ಪ್ರಾಜೆಕ್ಟ್ ಆಗಿ. ದೌರ್ಜನ್ಯಕ್ಕೊಳಗಾದ ಮಹಿಳೆಯರಿಗಾಗಿ ಪೊಲೀಸ್ ವ್ಯವಸ್ಥೆಯೊಳಗೇ ಸಮಾಜಕಾರ್ಯಕರ್ತರನ್ನು ಕೂರಿಸಿದ ‘ಸ್ಪೆಷಲ್ ಸೆಲ್’ 1984ರಲ್ಲಿ ಮುಂಬೈ ಪೊಲೀಸ್ ಕಮಿಷನರ್ ಕಚೇರಿಯಲ್ಲಿ ಆರಂಭವಾಯಿತು. 2018ರಲ್ಲಿ ಬಿಹಾರದ ಮುಜಫ್ಫರ್‌ಪುರದ ಬಾಲಕಿಯರ ಆಶ್ರಯಗೃಹದ ಕರಾಳ ಕಥೆ ಹೊರಬಂದಿದ್ದು ಟಿಸ್‌ನ ‘ಕೋಶಿಶ್’ ತಂಡ ಮಾಡಿದ ಸೋಷಿಯಲ್ ಆಡಿಟ್ ವರದಿಯಿಂದ.

ಬೋರ್ ಹೊಡೆಸುವ ಪೇಪರ್, ಆದರೆ ಅದೇ ಮುಖ್ಯ

ಇನ್ನು ಆಡಳಿತ. ‘ಕ್ರಾಂತಿ ಮಾಡೋಕೆ ಬಂದವರಿಗೆ ಕ್ಯಾಶ್‌ಬುಕ್ ಯಾಕೆ’ ಎಂದು ವಿದ್ಯಾರ್ಥಿಗಳು ಮೂಗು ಮುರಿಯುವ ಪೇಪರ್ ಇದು. ಸಂಸ್ಥೆ ನೋಂದಣಿ, ಆಡಳಿತ ಮಂಡಳಿ, ಬಜೆಟ್, ಸಿಬ್ಬಂದಿ, ಪ್ರಾಜೆಕ್ಟ್ ಪ್ರಸ್ತಾವನೆ, ವರದಿ, ಆಡಿಟ್ ಎಲ್ಲ ಇದರೊಳಗೆ ಬರುತ್ತವೆ. ಸಂಸ್ಥೆಯನ್ನು ಸೊಸೈಟಿಯಾಗಿ ನೋಂದಾಯಿಸಬೇಕೇ, ಟ್ರಸ್ಟ್ ಮಾಡಬೇಕೇ, ಕಂಪನಿ ಕಾಯ್ದೆಯ ಸೆಕ್ಷನ್ 8 ಕಂಪನಿ ಮಾಡಬೇಕೇ ಎಂಬುದರಿಂದಲೇ ಪಾಠ ಶುರು. ಆದಾಯ ತೆರಿಗೆಯ 12ಎ, 80ಜಿ ಎಂದರೇನು ಎಂಬುದು ಎನ್‌ಜಿಒದಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಬೇಕಾಗುತ್ತದೆ.

ಯಾಕೆ ಮುಖ್ಯ ಎಂದರೆ, ಕಳೆದ ಕೆಲವು ವರ್ಷಗಳಲ್ಲಿ ಎನ್‌ಜಿಒಗಳ ಹಣದ ಹರಿವೇ ಬದಲಾಗಿದೆ. ವಿದೇಶಿ ದೇಣಿಗೆಯ ಎಫ್‌ಸಿಆರ್‌ಎ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿ, ಆ ಹಣದಲ್ಲಿ ಆಡಳಿತ ವೆಚ್ಚಕ್ಕೆ ಬಳಸಬಹುದಾದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿತು. ಕಚೇರಿ ಬಾಡಿಗೆ, ಲೆಕ್ಕಪತ್ರ, ವರದಿ ಬರೆಯುವ ಖರ್ಚು ಎಲ್ಲ ಈ ಶೇ 20ರೊಳಗೇ. ಇನ್ನೊಂದು ಬದಲಾವಣೆ ಇನ್ನೂ ದೊಡ್ಡದು. ಒಂದು ಸಂಸ್ಥೆ ಪಡೆದ ವಿದೇಶಿ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ದೆಹಲಿ, ಮುಂಬೈನ ದೊಡ್ಡ ಸಂಸ್ಥೆಗಳಿಂದ ತಾಲೂಕು ಮಟ್ಟದ ಸಣ್ಣ ಸಂಸ್ಥೆಗಳಿಗೆ ಹಣ ಹೋಗುತ್ತಿದ್ದ ದಾರಿ ಇದರಿಂದ ಮುಚ್ಚಿತು.

ಇತ್ತ ಕಂಪನಿಗಳ ಸಿಎಸ್‌ಆರ್ ಹಣ ಇದೆ. 2013ರ ಕಂಪನಿ ಕಾಯ್ದೆಯ ಸೆಕ್ಷನ್ 135ರ ಪ್ರಕಾರ 500 ಕೋಟಿ ರೂ. ನಿವ್ವಳ ಮೌಲ್ಯ, 1000 ಕೋಟಿ ರೂ. ವಹಿವಾಟು ಅಥವಾ 5 ಕೋಟಿ ರೂ. ನಿವ್ವಳ ಲಾಭ, ಈ ಮೂರರಲ್ಲಿ ಒಂದಿದ್ದರೂ ಆ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಹಣ ಬರುತ್ತಿದೆ ನಿಜ. ಆದರೆ ಯಾವ ಕೆಲಸಕ್ಕೆ? ಶಾಲೆಗೆ ಬೆಂಚು, ಟ್ಯಾಬ್ಲೆಟ್, ಕುಡಿಯುವ ನೀರಿನ ಯಂತ್ರಕ್ಕೆ ಸಿಗುತ್ತದೆ. ಫೋಟೋ ಚೆನ್ನಾಗಿ ಬರುತ್ತದೆ. ನೀರಿಗಾಗಿ ಪಾಲಿಕೆಯ ವಿರುದ್ಧ ಅರ್ಜಿ ಹಾಕುವ ಬಸ್ತಿ ಸಮಿತಿಗೆ ಯಾವ ಕಂಪನಿ ಹಣ ಕೊಡುತ್ತದೆ?

ಸಂಘಟನೆ ಮತ್ತು ಆಡಳಿತ ಎಂಬ ಎರಡು ಪೇಪರ್‌ಗಳ ನಡುವಿನ ಜಗಳ ಇಲ್ಲಿದೆ. ಸಂಘಟಕರು ಉತ್ತರ ಕೊಡಬೇಕಾದ್ದು ಬಸ್ತಿಯ ಜನರಿಗೆ. ಸಂಬಳ ಬರುವುದು ಮಾತ್ರ ದಾನಿಯಿಂದ. ದಾನಿಗೆ ಬೇಕಾದ್ದು ಮೂರು ತಿಂಗಳಿಗೊಮ್ಮೆ ಅಂಕಿ: ಎಷ್ಟು ಸಭೆ, ಎಷ್ಟು ಫಲಾನುಭವಿಗಳು. ಬಸ್ತಿಗೆ ಬೇಕಾದ್ದು ಎಂಟು ವರ್ಷ ಬಿಡದೆ ಜೊತೆಗಿರುವ ಮನುಷ್ಯರು. ಒಳ್ಳೆಯ ಆಡಳಿತ ಗೊತ್ತಿದ್ದವರು ಈ ಎರಡನ್ನೂ ಒಂದಿಷ್ಟು ಹೊಂದಿಸುತ್ತಾರೆ. ಹಲವು ಸಣ್ಣ ದಾನಿಗಳನ್ನು ಹುಡುಕುತ್ತಾರೆ, ಸಮಿತಿಯೇ ಸದಸ್ಯತ್ವ ಶುಲ್ಕ ಸಂಗ್ರಹಿಸುವಂತೆ ಮಾಡುತ್ತಾರೆ, ಲೆಕ್ಕವನ್ನು ಬಸ್ತಿಯ ಸಭೆಯಲ್ಲೇ ಓದುತ್ತಾರೆ. ಗೊತ್ತಿಲ್ಲದಿದ್ದರೆ ಪ್ರಾಜೆಕ್ಟ್ ಮುಗಿದ ದಿನ ಬೋರ್ಡ್ ಬಿಚ್ಚಿಕೊಂಡು ಹೋಗಬೇಕಾಗುತ್ತದೆ. ಬಸ್ತಿಯ ಜನ ಇದನ್ನು ಬೇಕಾದಷ್ಟು ಸಲ ನೋಡಿದ್ದಾರೆ. ಮುಂದಿನ ಸಂಸ್ಥೆ ಬಂದಾಗ ಅವರು ಬಾಗಿಲು ತೆರೆಯದಿದ್ದರೆ ಅದರಲ್ಲಿ ತಪ್ಪೇನಿದೆ?

ಕಲಿಸುವ ಸಂಸ್ಥೆಗೂ ಈ ಬಿಸಿ ತಟ್ಟಿದೆ. 2024ರ ಜೂನ್‌ನಲ್ಲಿ ಟಿಸ್‌ನಲ್ಲಿ ಟಾಟಾ ಟ್ರಸ್ಟ್ ಅನುದಾನದ ಮೇಲೆ ನಡೆಯುತ್ತಿದ್ದ ಹುದ್ದೆಗಳ ನೂರಕ್ಕೂ ಹೆಚ್ಚು ಬೋಧಕ, ಬೋಧಕೇತರ ಸಿಬ್ಬಂದಿಗೆ ಸೇವೆ ಮುಕ್ತಾಯದ ಪತ್ರ ಹೋಗಿ, ಗದ್ದಲವಾದ ಮೇಲೆ ಅದನ್ನು ಹಿಂಪಡೆಯಲಾಯಿತು.

ಎಲ್ಲಿ ಓದಬಹುದು?

ಯಾವುದೇ ವಿಷಯದಲ್ಲಿ ಪದವಿ ಇದ್ದರೂ ಸಾಮಾನ್ಯವಾಗಿ ಅರ್ಜಿ ಹಾಕಬಹುದು. ಬಿಕಾಂ, ಬಿಎಸ್ಸಿ ಮಾಡಿದವರಿಗೂ ಬಾಗಿಲು ತೆರೆದಿದೆ. ಮುಂಬೈನಲ್ಲಿ ಟಿಸ್ ಅಲ್ಲದೆ 1955ರಲ್ಲಿ ಶುರುವಾದ ನಿರ್ಮಲಾ ನಿಕೇತನ ಇದೆ. ಪುಣೆಯಲ್ಲಿ 1963ರ ಕರ್ವೆ ಸಮಾಜ ಸೇವಾ ಸಂಸ್ಥೆ. ಚೆನ್ನೈನ ಎಗ್ಮೋರ್‌ನಲ್ಲಿ ಮೇರಿ ಕ್ಲಬ್‌ವಾಲಾ ಜಾಧವ್ 1952ರಲ್ಲಿ ಕಟ್ಟಿದ ಮದ್ರಾಸ್ ಸ್ಕೂಲ್ ಆಫ್ ಸೋಷಿಯಲ್ ವರ್ಕ್. ದೆಹಲಿಯಲ್ಲಿ ದೆಹಲಿ ವಿಶ್ವವಿದ್ಯಾಲಯದ ಸಮಾಜಕಾರ್ಯ ವಿಭಾಗ ಮತ್ತು ಜಾಮಿಯಾ ಮಿಲ್ಲಿಯಾ. ಇವುಗಳಲ್ಲಿ ದೆಹಲಿ ಶಾಲೆ 1946ರಷ್ಟು ಹಳೆಯದು. ಹೈದರಾಬಾದ್‌ನಲ್ಲಿ ಟಿಸ್‌ನದೇ ಕ್ಯಾಂಪಸ್ ಇದೆ. ಊರಿಗೆ ಮರಳಿ ಓದುವ ಯೋಚನೆ ಇದ್ದರೆ ಮಂಗಳೂರಿನ ರೋಶನಿ ನಿಲಯ 1960ರಿಂದ ಇದೆ. ಬೆಂಗಳೂರು, ಧಾರವಾಡದ ವಿಶ್ವವಿದ್ಯಾಲಯಗಳಲ್ಲೂ ವಿಭಾಗಗಳಿವೆ. ಕೆಲಸ ಬಿಡಲಾಗದವರಿಗೆ ಇಗ್ನೋದ ದೂರಶಿಕ್ಷಣ ಎಂಎಸ್‌ಡಬ್ಲ್ಯು ಇದೆ, ಅಲ್ಲೂ ಕ್ಷೇತ್ರಕಾರ್ಯ ತಪ್ಪುವುದಿಲ್ಲ.

ಟಿಸ್ ಮತ್ತು ದೆಹಲಿ ವಿಶ್ವವಿದ್ಯಾಲಯಕ್ಕೆ ಈಗ ಸಿಯುಇಟಿ-ಪಿಜಿ ಪರೀಕ್ಷೆ ಬರೆಯಬೇಕು. ಪರೀಕ್ಷೆ ಸಾಮಾನ್ಯವಾಗಿ ಮಾರ್ಚ್ ತಿಂಗಳಲ್ಲಿ ನಡೆಯುವುದರಿಂದ ಅರ್ಜಿ ಅದಕ್ಕೂ ಮೊದಲೇ ಮುಗಿದಿರುತ್ತದೆ. ಡಿಗ್ರಿ ಫಲಿತಾಂಶ ಬಂದ ಮೇಲೆ ನೋಡೋಣ ಎಂದು ಕೂತರೆ ಒಂದು ವರ್ಷ ಹೋಯಿತು.

ಸ್ಪೆಷಲೈಸೇಷನ್ ಹೆಸರು ಒಂದೊಂದು ಕಡೆ ಒಂದೊಂದು. ಟಿಸ್‌ನಲ್ಲಿ 2006ರ ಪುನರ್ರಚನೆಯ ನಂತರ ‘ಕಮ್ಯುನಿಟಿ ಆರ್ಗನೈಸೇಷನ್ ಅಂಡ್ ಡೆವಲಪ್‌ಮೆಂಟ್ ಪ್ರಾಕ್ಟೀಸ್’ ಎಂಬ ಪ್ರತ್ಯೇಕ ಎಂಎ ಬಂತು. ಬೇರೆ ಕಡೆ ‘ಸಮುದಾಯ ಅಭಿವೃದ್ಧಿ’ ಎಂದಿರಬಹುದು. ಹೆಸರಿಗಿಂತ ಸಿಲೆಬಸ್ ನೋಡಿ.

ಕೆಲಸದ ಮಾತು

ಎಂಎಸ್‌ಡಬ್ಲ್ಯು ಮಾಡಿದ ನಿಮ್ಮ ಪರಿಚಯದವರು ಯಾರಾದರೂ ಕಂಪನಿಯ ಎಚ್‌ಆರ್ ವಿಭಾಗದಲ್ಲಿದ್ದಾರೆಯೇ? ಇರುವ ಸಾಧ್ಯತೆ ಹೆಚ್ಚು. ಇದಕ್ಕೆ ಕಾನೂನಿನ ಹಿನ್ನೆಲೆ ಇದೆ. 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿ ಕಲ್ಯಾಣಾಧಿಕಾರಿ ಇರಲೇಬೇಕು ಎಂದು 1948ರ ಕಾರ್ಖಾನೆ ಕಾಯ್ದೆ ವಿಧಿಸಿತ್ತು. ಆ ಹುದ್ದೆಗೆ ಸಮಾಜಕಾರ್ಯ ಓದಿದವರು ಬೇಕಾದರು, ಹಾಗಾಗಿ ಕಾರ್ಮಿಕ ಕಲ್ಯಾಣದ ಸ್ಪೆಷಲೈಸೇಷನ್ ಎಲ್ಲೆಡೆ ತುಂಬಿತು, ಅದೇ ಮುಂದೆ ಎಚ್‌ಆರ್ ಆಯಿತು. ಸಂಬಳ ಚೆನ್ನಾಗಿರುವ ದಾರಿ ಅದು, ಅದನ್ನು ಹಿಡಿದವರನ್ನು ದೂರಬೇಕಿಲ್ಲ.

ಸಮುದಾಯ ಸಂಘಟನೆ ಆಯ್ದುಕೊಂಡವರಿಗೆ ಅಂಥ ಸಿದ್ಧ ಹುದ್ದೆ ಇಲ್ಲ. ಎನ್‌ಜಿಒ, ಸಿಎಸ್‌ಆರ್ ಫೌಂಡೇಷನ್, ರಾಜ್ಯ ಸರ್ಕಾರಗಳ ಜೀವನೋಪಾಯ ಮಿಷನ್, ಮಕ್ಕಳ ರಕ್ಷಣಾ ಘಟಕ, ಪಾಲಿಕೆಗಳ ಸಮುದಾಯ ಸಂಘಟಕ ಹುದ್ದೆ ಹೀಗೆ ಅವಕಾಶಗಳಿವೆ. ಅದರಲ್ಲಿ ಹೆಚ್ಚಿನವು ಗುತ್ತಿಗೆಯವು. ವೃತ್ತಿಗೆ ಕಾನೂನಿನ ರಕ್ಷಣೆಯೂ ಕಡಿಮೆ. ವಕೀಲರಿಗೆ, ನರ್ಸ್‌ಗಳಿಗೆ ಇರುವಂಥ ರಾಷ್ಟ್ರೀಯ ಪರಿಷತ್ತು ಸಮಾಜಕಾರ್ಯಕ್ಕೆ ಇಲ್ಲ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಮೆಡಿಕಲ್, ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್‌ಗಳು 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯ ವ್ಯಾಪ್ತಿಗೆ ಬಂದರು. ಬಸ್ತಿಯಲ್ಲಿ ಕೆಲಸ ಮಾಡುವವರು ಹೊರಗೇ ಉಳಿದರು. ಹಾಗಾಗಿ ‘ಸಮಾಜಕಾರ್ಯಕರ್ತ’ ಎಂದು ಯಾರು ಬೇಕಾದರೂ ವಿಸಿಟಿಂಗ್ ಕಾರ್ಡ್ ಹೊಡೆಸಬಹುದು. ಚುನಾವಣೆ ಹತ್ತಿರ ಬಂದಾಗ ಗಲ್ಲಿಗೊಬ್ಬರು ಹೊಡೆಸುತ್ತಾರೆ ಕೂಡ.

ಹೊರನಾಡ ಕನ್ನಡಿಗರಿಗೆ ಇರುವ ಒಂದು ಅನುಕೂಲ

ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಮುಂಬೈ, ಪುಣೆ, ಹೈದರಾಬಾದ್‌ಗೆ ಕಟ್ಟಡ ಕೆಲಸಕ್ಕೆ ಗುಳೆ ಬರುವ ಕುಟುಂಬಗಳು ನಮಗೆ ಹೊಸದಲ್ಲ. ಇವರ ಪಾಲಿಗೆ ಅಕ್ಷರಶಃ ಹಣ ಇದೆ, ಕೈಗೆ ಸಿಗುವುದಿಲ್ಲ. 1996ರ ಕಾನೂನುಗಳು ತಂದ ವ್ಯವಸ್ಥೆಯಲ್ಲಿ ಕಟ್ಟಡದ ವೆಚ್ಚದ ಮೇಲೆ ಶೇ 1ರಷ್ಟು ಸೆಸ್ ಸಂಗ್ರಹವಾಗಿ ಕಾರ್ಮಿಕ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಅದರ ಸೌಲಭ್ಯ ಬೇಕೆಂದರೆ 18ರಿಂದ 60 ವರ್ಷದೊಳಗಿನ ಕಾರ್ಮಿಕ ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ದಾಖಲೆ ಕೊಟ್ಟು ನೋಂದಾಯಿಸಿಕೊಳ್ಳಬೇಕು. ಮೇಸ್ತ್ರಿ ಕಾಗದ ಕೊಡುವುದಿಲ್ಲ. ಮಂಡಳಿ ಆಯಾ ರಾಜ್ಯದ್ದು, ಕಾರ್ಮಿಕ ಎರಡು ರಾಜ್ಯದ ನಡುವಿನವನು. ಅರ್ಜಿ ಮರಾಠಿಯಲ್ಲಿ ಅಥವಾ ತೆಲುಗಿನಲ್ಲಿ, ಅವನಿಗೆ ಗೊತ್ತಿರುವುದು ಕನ್ನಡ.

ಇಂಥ ಕಡೆ ಕನ್ನಡ ಮತ್ತು ಸ್ಥಳೀಯ ಭಾಷೆ ಎರಡೂ ಬಲ್ಲ ತರಬೇತಿ ಪಡೆದ ಸಂಘಟಕರು ಮಾಡಬಹುದಾದ ಕೆಲಸ ಬೇರೆಯವರಿಂದ ಆಗದು. ಮುಂಬೈ ಕನ್ನಡಿಗರಿಗೆ ಇದರ ಪರಂಪರೆಯೂ ಇದೆ. ಹೋಟೆಲ್ ಹುಡುಗರಿಗಾಗಿ ನಮ್ಮ ಸಂಘಗಳು ನಡೆಸಿದ ರಾತ್ರಿ ಶಾಲೆಗಳು ಯಾವ ಪಠ್ಯಪುಸ್ತಕವೂ ಬರುವ ಮೊದಲೇ ನಡೆದ ಸಮುದಾಯ ಸಂಘಟನೆಯಲ್ಲದೆ ಇನ್ನೇನು? ಕನ್ನಡದಲ್ಲೇ ಈ ವಿಷಯ ಓದಬೇಕೆಂದರೆ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಿದ್ದ ಪ್ರೊ. ಎಚ್.ಎಂ. ಮರುಳಸಿದ್ಧಯ್ಯ ಅವರ ಬರಹಗಳಿಂದ ಶುರು ಮಾಡಬಹುದು.

ಸೇರುವ ಮುನ್ನ ಕೇಳಿ

ಅರ್ಜಿ ಹಾಕುವ ಮೊದಲು ಆ ವಿಭಾಗದ ಎರಡನೇ ವರ್ಷದ ವಿದ್ಯಾರ್ಥಿಯೊಬ್ಬರನ್ನು ಹುಡುಕಿ ಮಾತಾಡಿ. ಕಟ್ಟಡ, ಪ್ಲೇಸ್‌ಮೆಂಟ್ ಪಟ್ಟಿ ಬಿಟ್ಟುಬಿಡಿ. ಫೀಲ್ಡ್‌ವರ್ಕ್‌ಗೆ ಎಲ್ಲಿಗೆ ಕಳಿಸುತ್ತಾರೆ, ಬಸ್ತಿಗೋ ಅಥವಾ ಎನ್‌ಜಿಒ ಕಚೇರಿಯಲ್ಲಿ ಎಕ್ಸೆಲ್ ತುಂಬಲೋ? ರೆಕಾರ್ಡಿಂಗ್ ಅನ್ನು ಮಾರ್ಗದರ್ಶಕರು ನಿಜವಾಗಿ ಓದುತ್ತಾರೋ, ಸಹಿ ಮಾತ್ರ ಹಾಕುತ್ತಾರೋ? ಬಸ್ ಚಾರ್ಜ್ ಯಾರದು? ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳು ಇನ್ನೊಂದು ಪ್ರಶ್ನೆ ಸೇರಿಸಿಕೊಳ್ಳಿ. ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂ. ಒಳಗಿದ್ದರೆ ಸಿಗುವ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಬರುವವರೆಗೆ ಶುಲ್ಕವನ್ನು ಮುಂಗಡವಾಗಿ ಕಟ್ಟಬೇಕೋ, ಬೇಡವೋ? 2018ರಲ್ಲಿ ಟಿಸ್ ವಿದ್ಯಾರ್ಥಿಗಳು ಕ್ಯಾಂಪಸ್ ಗೇಟಿನಲ್ಲಿ ದಿನಗಟ್ಟಲೆ ಮುಷ್ಕರ ಕೂತಿದ್ದು ಇದೇ ಶುಲ್ಕ ವಿನಾಯಿತಿಯ ವಿಚಾರಕ್ಕೆ.